ದಿಬ್ಬ ತೊಳೆಯುವ ದುಡ್ಡು ದಿಬ್ಬದೊಳಗೇ ಇದೆ



ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬ ಮಣ್ಣಿನ ದಿಬ್ಬಗಳ ಬಗ್ಗೆ ಬರೆಯಲು ಹೊರಟಿದ್ದಾನೆ ಅಂತ ಹುಬ್ಬೇರಿಸಬೇಡಿ. ನಾನು ಕೋಲಾರ ಜಿಲ್ಲೆಯವನು. ಬಂಗಾರಪೇಟೆ ದಾಟಿ ಮಾರಿಕುಪ್ಪಂ ಕಡೆಗೆ ರೈಲಿನಲ್ಲಿ ಹೋದವರಿಗೆಲ್ಲ ಈ ದಿಬ್ಬಗಳ ಪರಿಚಯ ಇದ್ದೇ ಇರುತ್ತದೆ. ಮನೆಗಳಿಗಿಂತ ಎತ್ತರ, ಬೂದಿ ಬಣ್ಣ, ಚಪ್ಪಟೆ ತಲೆ, ಮೈತುಂಬಾ ಮಳೆ ನೀರು ಕೊರೆದ ಗೀರುಗಳು. ನಮ್ಮ ಕಡೆ ಇವಕ್ಕೆ 'ಸೈನೈಡ್ ದಿಬ್ಬ' ಅಂತಾರೆ. ಕೆಜಿಎಫ್ ಸಿನಿಮಾಗಳನ್ನು ಇಲ್ಲಿ ಕುವೈತಿನಲ್ಲಿ ನೋಡಿ ಶಿಳ್ಳೆ ಹೊಡೆದ ನಮ್ಮ ಹುಡುಗರೂ ಇವನ್ನು ನೋಡಿದ್ದಾರೆ. ಆ ಸಿನಿಮಾದ ಸೆಟ್ ಹಾಕಿದ್ದು ಇಂಥ ದಿಬ್ಬಗಳ ಮೇಲೆಯೇ. ಎರಡನೇ ಭಾಗದ ಶೂಟಿಂಗ್ ನಡೆಯುವಾಗ, 2019ರ ಆಗಸ್ಟ್‌ನಲ್ಲಿ, ಪರಿಸರಕ್ಕೆ ಹಾನಿ ಎಂಬ ದೂರಿನ ಮೇಲೆ ಅಲ್ಲಿನ ಕೋರ್ಟು ಶೂಟಿಂಗಿಗೆ ತಡೆ ಕೊಟ್ಟಿತ್ತು.

ಸಿನಿಮಾದವರು ಬಂದರು, ಹೋದರು. ದಿಬ್ಬಗಳು ಅಲ್ಲೇ ಇವೆ. ಈಗ ಅವುಗಳಿಂದ ಚಿನ್ನ ತೆಗೆಯುವ ಮಾತು ಗಟ್ಟಿಯಾಗಿದೆ. 13 ದಿಬ್ಬಗಳು, 1,003.4 ಎಕರೆ. ಇವುಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವನೆಗೆ ನಮ್ಮ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಪತ್ರಿಕೆಗಳಲ್ಲಿ ಸುದ್ದಿ ಬಂದದ್ದು 'ಕೆಜಿಎಫ್‌ನಲ್ಲಿ ಮತ್ತೆ ಚಿನ್ನ' ಅಂತ. ನನಗೆ ಅದರಲ್ಲಿ ಕಂಡ ನಿಜವಾದ ಸುದ್ದಿ ಬೇರೆ. ನೂರಿಪ್ಪತ್ತು ವರ್ಷದ ಕಸವನ್ನು ಗುಡಿಸಲು ನಮಗೆ ಸಿಕ್ಕ ಒಂದೇ ಒಂದು ಅವಕಾಶ ಇದು. ಕೈತಪ್ಪಿದರೆ ಇನ್ನೊಮ್ಮೆ ಸಿಗುವುದಿಲ್ಲ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಉಂಡೂ ಹೋದರು, ಕೊಂಡೂ ಹೋದರು

ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಕಂಪನಿ ಕೈ ಹಾಕಿದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗಿಂತ ಮೊದಲು ಗಣಿಯಲ್ಲಿ ದೀಪ ಉರಿಯಿತು ಅಂತ ನಾವೆಲ್ಲ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ರಾಷ್ಟ್ರೀಕರಣ ಮಾಡಿತು, 1962ರಲ್ಲಿ ಅದು ಕೇಂದ್ರದ ಕೈಗೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಬಂದಿತ್ತು.

ಚಿನ್ನ ಹೋದಲ್ಲಿಗೆ ಹೋಯಿತು. ಊರಲ್ಲಿ ಉಳಿದದ್ದು ಸುಮಾರು 3.3 ಕೋಟಿ ಟನ್ ಕಲ್ಲಿನ ಪುಡಿ. ಗಣಿಯ ಕಲ್ಲನ್ನು ಹಿಟ್ಟಿನ ಹಾಗೆ ಅರೆಯುತ್ತಾರೆ, ನೀರು ಬೆರೆಸುತ್ತಾರೆ, ಅದಕ್ಕೆ ತೆಳುವಾದ ಸೈನೈಡ್ ದ್ರಾವಣ ಹಾಕುತ್ತಾರೆ. ಚಿನ್ನ ಅದರಲ್ಲಿ ಕರಗುತ್ತದೆ. ಆಮೇಲೆ ಸತುವಿನ ಪುಡಿ ಹಾಕಿ ಚಿನ್ನವನ್ನು ಬೇರೆ ಮಾಡುತ್ತಾರೆ. ಉಳಿದ ಗಸಿಯನ್ನು ಪಕ್ಕದ ಬಯಲಿಗೆ ಪಂಪ್ ಮಾಡುತ್ತಾರೆ. ಈ ವಿಧಾನವನ್ನು 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕಂಡುಹಿಡಿದರು, ಕೆಲವೇ ವರ್ಷಗಳಲ್ಲಿ ಅದು ನಮ್ಮ ಊರಿಗೂ ಬಂತು. ಆ ಗಸಿ ಒಣಗಿ, ಪದರದ ಮೇಲೆ ಪದರ ಕೂತು, ಗುಡ್ಡವಾಯಿತು. ಕೆಳಗೆ ಹಾಸು ಇಲ್ಲ, ಮೇಲೆ ಹೊದಿಕೆ ಇಲ್ಲ. ಆ ಕಾಲದಲ್ಲಿ ಅಂಥ ಯೋಚನೆಯೇ ಇರಲಿಲ್ಲ ಬಿಡಿ.

ಹೆಸರಿನಲ್ಲಿ ಸೈನೈಡ್, ಹೊಟ್ಟೆಯಲ್ಲಿ ಬೇರೆ

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. 'ಸೈನೈಡ್ ದಿಬ್ಬ' ಅಂದ ತಕ್ಷಣ ಮುಟ್ಟಿದರೆ ಸತ್ತೇ ಹೋಗುತ್ತೇವೆ ಅಂತ ತಿಳಿಯಬೇಡಿ. ಬಿಸಿಲಿಗೂ ಗಾಳಿಗೂ ಸಿಕ್ಕ ಸೈನೈಡ್ ವರ್ಷಗಳು ಕಳೆದಂತೆ ಒಡೆದು ಹೋಗುತ್ತದೆ. ಹಳೆಯ ದಿಬ್ಬಗಳ ಮೇಲ್ಪದರದಲ್ಲಿ ಅದೇ ದೊಡ್ಡ ಭಯವಲ್ಲ.

ಭಯ ಇರುವುದು ಮೂರು ಕಡೆ. ಮೊದಲನೆಯದು ಧೂಳು. ಅದು ನಮ್ಮ ಕುವೈತಿನ ಮರಳುಗಾಳಿಯ ಧೂಳಿನಂಥದ್ದಲ್ಲ. ಅರೆದ ಬೆಣಚು ಕಲ್ಲಿನ ಪುಡಿ, ಶ್ವಾಸಕೋಶದ ಒಳಗೆ ಹೋಗಿ ಕೂರುವಷ್ಟು ಸಣ್ಣದು. ನಮ್ಮ ದೇಶದಲ್ಲಿ ಸಿಲಿಕೋಸಿಸ್ ರೋಗದ ಬಗ್ಗೆ ಆರಂಭದ ದೊಡ್ಡ ಅಧ್ಯಯನ ನಡೆದದ್ದು 1940ರ ದಶಕದಲ್ಲಿ, ಇದೇ ಕೋಲಾರದ ಗಣಿ ಕಾರ್ಮಿಕರ ಮೇಲೆ. ಕಾರ್ಮಿಕ ನೆಲದ ಕೆಳಗೆ ಕುಡಿದ ಧೂಳನ್ನು ಬೇಸಿಗೆಯ ಗಾಳಿ ಈಗ ಅವನ ಮೊಮ್ಮಕ್ಕಳ ಮನೆಯೊಳಗೆ ತಂದು ಹಾಕುತ್ತದೆ. ಎರಡನೆಯದು ಗಂಧಕ ಇರುವ ಖನಿಜಗಳು. ಚಿನ್ನದ ಅದಿರಿನ ಜೊತೆ ಇವು ಬರುತ್ತವೆ. ಗಾಳಿ, ನೀರು ಸೋಕಿದರೆ ಆಮ್ಲ ಹುಟ್ಟುತ್ತದೆ. ಆ ಆಮ್ಲ ಕಲ್ಲಿನಲ್ಲಿ ಅಡಗಿದ್ದ ಆರ್ಸೆನಿಕ್ ಮತ್ತು ಭಾರಲೋಹಗಳನ್ನು ಬಿಡಿಸಿಕೊಂಡು ನೀರಿನ ಜೊತೆ ಹೊರಡುತ್ತದೆ. ಮೂರನೆಯದು ಸವಕಳಿ. ಪ್ರತಿ ಮಳೆಗಾಲದಲ್ಲೂ ದಿಬ್ಬದ ಒಂದಿಷ್ಟು ಭಾಗ ಕೆಳಗಿನ ಹೊಲಕ್ಕೆ, ಕಾಲುವೆಗೆ, ಕೆರೆಗೆ ಇಳಿಯುತ್ತದೆ.

ಹೀಗೆ ಇಳಿದದ್ದು ಎಲ್ಲಿಗೆ ಹೋಗುತ್ತದೆ? ಪಾಲಾರ್ ನದಿಯ ಜಲಾನಯನಕ್ಕೆ.

ಒಣಗಿದ ನದಿಗೂ ಒಂದು ದಾರಿ ಇದೆ

ಪಾಲಾರ್ ಹುಟ್ಟುವುದು ನಂದಿ ಬೆಟ್ಟದ ಕಡೆ. ಬೇತಮಂಗಲ, ರಾಮಸಾಗರ ದಾಟಿ ಆಂಧ್ರದ ಕುಪ್ಪಂ ಕಡೆಗೆ, ಅಲ್ಲಿಂದ ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ವೆಲ್ಲೂರು, ಕಾಂಚೀಪುರ ಸೀಮೆಗಳನ್ನು ಹಾದು ಬಂಗಾಳ ಕೊಲ್ಲಿ. ಒಟ್ಟು 348 ಕಿಲೋಮೀಟರ್, ಅದರಲ್ಲಿ ನಮ್ಮದು 93, ಆಂಧ್ರದ್ದು 33, ತಮಿಳುನಾಡಿನದು 222. ಗಣಿ ಕಾಲೋನಿಗಳಿಗೆ ಕುಡಿಯುವ ನೀರು ಬರುತ್ತಿದ್ದದ್ದೂ ಇದೇ ಪಾಲಾರಿನ ಬೇತಮಂಗಲ ಕೆರೆಯಿಂದ.

'ಅಯ್ಯೋ, ಪಾಲಾರಿನಲ್ಲಿ ನೀರೆಲ್ಲಿದೆ ಸ್ವಾಮಿ?' ಅಂತ ಕೇಳುವವರಿದ್ದಾರೆ. ವರ್ಷದ ಬಹುಪಾಲು ದಿನ ಒಣ ಮರಳು ನಿಜ. ಆದರೆ ನಮ್ಮ ಬಯಲುಸೀಮೆಯಲ್ಲಿ ನದಿ ಅಂದರೆ ಮೇಲೆ ಹರಿಯುವ ನೀರು ಮಾತ್ರ ಅಲ್ಲವಲ್ಲ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ, ಅದರ ಕೋಡಿ ಮತ್ತೊಂದಕ್ಕೆ, ಹೀಗೆ ಸಾಲು ಕೆರೆಗಳು. ಅವುಗಳ ಕೆಳಗೆ ಬಾವಿ, ಕೊಳವೆಬಾವಿ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾದ ಮೇಲೆ, ಬತ್ತಿದ್ದ ಎಷ್ಟೋ ಕೆರೆಗಳು ತುಂಬಿದವು. 2021ರ ನವೆಂಬರ್ ಮಳೆಗೆ ಪಾಲಾರ್ ಉಕ್ಕಿ ಹರಿದು ವೆಲ್ಲೂರು ಕಡೆಯವರನ್ನು ನಡುಗಿಸಿತು. ನದಿ ಮಲಗಿರಬಹುದು, ದಾರಿ ಮರೆತಿಲ್ಲ. ನೀರು ಬಂದಾಗ ದಾರಿಯಲ್ಲಿ ಇಟ್ಟಿದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತದೆ.

ಇನ್ನೊಂದು ವಿಚಿತ್ರ ನೋಡಿ. ಗಣಿಯಲ್ಲಿ ದುಡಿಯಲು ಬಂದವರಲ್ಲಿ ಹೆಚ್ಚಿನವರು ಆಗಿನ ಉತ್ತರ ಆರ್ಕಾಟ್ ಜಿಲ್ಲೆಯ ಬಡ ದಲಿತ ಕುಟುಂಬಗಳು. ಅಂದರೆ ಪಾಲಾರಿನ ಕೆಳದಂಡೆಯವರು. ದುಡಿಯುವ ಕೈಗಳು ನದಿಯ ಗುಂಟ ಮೇಲಕ್ಕೆ ಬಂದವು, ಗಣಿಯ ಗಸಿ ಅದೇ ಗುಂಟ ಕೆಳಕ್ಕೆ ಹೋಗುತ್ತಿದೆ.

ಪಾಲಾರ್ ನೀರಿನ ಮೇಲೆ ಮೂರು ರಾಜ್ಯಗಳೂ ಜಗಳ ಆಡಿವೆ. 1892ರ ಮದ್ರಾಸ್–ಮೈಸೂರು ಒಪ್ಪಂದದಲ್ಲೂ ಈ ನದಿಯ ಹೆಸರಿದೆ. ಚೆಕ್ ಡ್ಯಾಂ ವಿಚಾರದಲ್ಲಿ ಆಂಧ್ರ, ತಮಿಳುನಾಡು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿವೆ. ಎಲ್ಲ ಜಗಳವೂ ಎಷ್ಟು ನೀರು ಎಂಬುದಕ್ಕೆ. ಎಂಥ ನೀರು ಅಂತ ಒಂದು ರಾಜ್ಯ ಇನ್ನೊಂದು ರಾಜ್ಯವನ್ನು ಕೇಳಿದ್ದು ಕಡಿಮೆ.

ಕೆಳದಂಡೆಯವರು ಕೋರ್ಟಿಗೆ ಹೋದರು

ಆದರೆ ಜನ ಕೇಳಿದರು. ವೆಲ್ಲೂರು ಸೀಮೆಯ ಚರ್ಮ ಹದ ಮಾಡುವ ಕಾರ್ಖಾನೆಗಳು ಪಾಲಾರನ್ನು ಕೆಡಿಸಿದವು ಅಂತ ಅಲ್ಲಿನ ನಾಗರಿಕರ ವೇದಿಕೆಯೊಂದು 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಆಗಸ್ಟ್ 28ರಂದು ತೀರ್ಪು ಬಂತು. ಕೆಡಿಸಿದವನೇ ತೊಳೆಯುವ ಖರ್ಚು ಕೊಡಬೇಕು, ಇದು ಈ ದೇಶದ ಕಾನೂನಿನ ಭಾಗ ಅಂತ ಕೋರ್ಟು ಖಂಡತುಂಡವಾಗಿ ಹೇಳಿತು. ಇವತ್ತು ದೇಶದ ಎಲ್ಲ ಪರಿಸರ ಮೊಕದ್ದಮೆಗಳಲ್ಲೂ ಎತ್ತಿ ತೋರಿಸುವ ಈ ತೀರ್ಪು ಹುಟ್ಟಿದ್ದು ನಮ್ಮ ಪಾಲಾರ್ ದಡದಲ್ಲಿ! 2025ರ ಜನವರಿ 30ರಂದು ಅದೇ ಚರ್ಮದ ಕಾರ್ಖಾನೆಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಗದರಿತು. ಪರಿಹಾರದ ದುಡ್ಡು ಕಟ್ಟಿದರೆ ಮುಗಿಯಲಿಲ್ಲ, ಆದ ಹಾನಿ ಸರಿಹೋಗುವ ತನಕ ಹೊಣೆ ಮುಗಿಯುವುದಿಲ್ಲ ಎಂಬುದು ಅದರ ಸಾರ.

ಅದೇ ಜಲಾನಯನದಲ್ಲಿ ರಾಣಿಪೇಟೆ ಇದೆ. ಅಲ್ಲಿ ತಮಿಳುನಾಡು ಕ್ರೋಮೇಟ್ಸ್ ಎಂಬ ಕಾರ್ಖಾನೆ 1970ರ ದಶಕದಿಂದ 1990ರ ದಶಕದ ನಡುವಿನ ತನಕ ನಡೆದು ಮುಚ್ಚಿತು. ಬಿಟ್ಟು ಹೋದದ್ದು ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಕ್ರೋಮಿಯಂ ತ್ಯಾಜ್ಯ. ಮಳೆ ಬಂದಾಗ ಹಳದಿ ನೀರು ಹರಿದು ಅಂತರ್ಜಲಕ್ಕೆ ಸೇರುತ್ತಿತ್ತು. ಕಾರ್ಖಾನೆ ಮುಚ್ಚಿ ದಶಕಗಳು ಕಳೆದರೂ ಆ ಗುಡ್ಡೆ ಕರಗಲಿಲ್ಲ. ಕಾರಣ ಸರಳ. ಹೊಣೆಗಾರ ಕಂಪನಿಯ ಖಜಾನೆ ಖಾಲಿ. ಗುಡ್ಡೆಯೊಳಗೆ ಮಾರಿ ದುಡ್ಡು ಮಾಡುವಂಥದ್ದು ಏನೂ ಇಲ್ಲ. ತೊಳೆಯಲು ಮುಂದೆ ಬರುವವರು ಯಾರು?

ರಾಣಿಪೇಟೆಯ ಈ ಕಥೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಕೆಜಿಎಫ್ ದಿಬ್ಬ ಅದಕ್ಕಿಂತ ಹೇಗೆ ಬೇರೆ ಎಂಬುದೇ ನನ್ನ ವಾದದ ತಿರುಳು.

ಎರಡು ಕಾನೂನುಗಳ ನಡುವೆ ಬಿದ್ದ ದಿಬ್ಬ

ಕಲುಷಿತ ಜಾಗಗಳನ್ನು ತೊಳೆಯುವುದಕ್ಕೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮ ತಂದಿತು. ಒಳ್ಳೆಯ ನಿಯಮವೇ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ಪಟ್ಟಿ ಕೊಡಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಮೊದಲ ತಪಾಸಣೆ ಮಾಡಬೇಕು. ಹೊಣೆ ಯಾರದು ಅಂತ ಗೊತ್ತುಮಾಡಿ ಅವರಿಂದ ಖರ್ಚು ವಸೂಲಿ ಮಾಡಬೇಕು. ನಿಯಮ ಬರುವ ಹೊತ್ತಿಗೆ ದೇಶದಲ್ಲಿ 103 ಕಲುಷಿತ ಜಾಗಗಳನ್ನು ಗುರುತಿಸಿದ್ದರು, ತೊಳೆಯುವ ಕೆಲಸ ಶುರುವಾಗಿದ್ದದ್ದು ಏಳರಲ್ಲಿ ಮಾತ್ರ.

ಆದರೆ ಆ ನಿಯಮದಲ್ಲಿ ಕೆಲವು ವಿನಾಯಿತಿಗಳಿವೆ. ಅಣು ತ್ಯಾಜ್ಯ, ಸಮುದ್ರದಲ್ಲಿ ತೈಲ ಸೋರಿಕೆ, ಊರ ಕಸದ ರಾಶಿ, ಮತ್ತೆ ಗಣಿಗಾರಿಕೆ. ಇವಕ್ಕೆಲ್ಲ ಬೇರೆ ಕಾನೂನುಗಳಿವೆ ಎಂಬುದು ಸರ್ಕಾರದ ಸಮಜಾಯಿಷಿ. ಸರಿ, ಗಣಿ ಕಾನೂನನ್ನೇ ನೋಡೋಣ. ಗಣಿ ಮುಚ್ಚುವಾಗ ಜಾಗವನ್ನು ಹೇಗೆ ಸರಿಮಾಡುತ್ತೀರಿ ಅಂತ ಯೋಜನೆ ಕೊಡುವುದು ಕಡ್ಡಾಯವಾದದ್ದು 2003ರಲ್ಲಿ. ನಮ್ಮ ಗಣಿಗೆ ಬೀಗ ಬಿದ್ದದ್ದು 2001ರಲ್ಲಿ!

ಹಳೆ ಕಾನೂನು ತಡವಾಗಿ ಬಂತು, ಹೊಸ ಕಾನೂನು ಪಕ್ಕದಿಂದ ಹಾದು ಹೋಯಿತು. ಮೇಲಾಗಿ ಇಲ್ಲಿ ಕೆಡಿಸಿದವನು ಯಾರು? ಮೊದಲ ಮುಕ್ಕಾಲು ಶತಮಾನ ಟೇಲರ್ ಕಂಪನಿ, ಆಮೇಲೆ ಸರ್ಕಾರವೇ. ಕೆಡಿಸಿದವನು, ಕಾನೂನು ಮಾಡುವವನು, ಹರಾಜು ಹಾಕುವವನು, ಮೂವರೂ ಒಬ್ಬನೇ ಆದರೆ ಬಿಲ್ ಕಳಿಸುವುದು ಯಾರಿಗೆ?

ಈಗ ಲೆಕ್ಕ ಹಾಕೋಣ

ಆ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ, ಅದರಲ್ಲಿ ಸುಮಾರು 23 ಟನ್ ಚಿನ್ನ ಎಂಬುದು ಅಂದಾಜು. ಭಾಗಿಸಿ ನೋಡಿ, ಟನ್ನಿಗೆ ಸುಮಾರು 0.7 ಗ್ರಾಂ. ಮುಬಾರಕಿಯಾ ಚಿನ್ನದ ಅಂಗಡಿಯಲ್ಲಿ ನೀವು ಹೆಂಡತಿಗೆ ಕೊಡಿಸುವ ಒಂದು ಪವನು ಎಂಟು ಗ್ರಾಂ. ಅಷ್ಟು ಚಿನ್ನ ಬೇಕಾದರೆ ಹನ್ನೊಂದು ಟನ್ನಿಗೂ ಹೆಚ್ಚು ಪುಡಿಯನ್ನು ಜಾಲಾಡಬೇಕು.

ಚಿನ್ನದ ಬೆಲೆ 2025ರಲ್ಲಿ ಹತ್ತು ಗ್ರಾಮಿಗೆ ಒಂದು ಲಕ್ಷ ದಾಟಿತು. ಒಂದು ಲಕ್ಷ ಅಂತಲೇ ಹಿಡಿಯೋಣ. ಕೆ.ಜಿ.ಗೆ ಒಂದು ಕೋಟಿ, 23 ಟನ್ನಿಗೆ 23,000 ಕೋಟಿ ರೂಪಾಯಿ. ಎಲ್ಲ ಚಿನ್ನವೂ ಕೈಗೆ ಸಿಗುವುದಿಲ್ಲ, ತೆಗೆಯುವ ಖರ್ಚೂ ಇದೆ, ಒಪ್ಪುತ್ತೇನೆ. ಆದರೂ ಸಣ್ಣ ಮೊತ್ತವಲ್ಲ.

ಈಗ ಲೆಕ್ಕದ ಇನ್ನೊಂದು ಬದಿ. 3.3 ಕೋಟಿ ಟನ್ನಿನಿಂದ 23 ಟನ್ ಕಳೆದರೆ ಉಳಿಯುವುದೆಷ್ಟು? ಹೆಚ್ಚುಕಡಿಮೆ ಅದೇ 3.3 ಕೋಟಿ ಟನ್! ಚಿನ್ನ ತೆಗೆದರೆ ದಿಬ್ಬ ಮಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಿಬ್ಬ ಜಾಗ ಬದಲಾಯಿಸುತ್ತದೆ ಅಷ್ಟೇ. ಈ ಸಲ ಅದನ್ನು ಒದ್ದೆ ಮಾಡಿ, ಮತ್ತೆ ಹೊಸ ಸೈನೈಡ್ ಬೆರೆಸಿ, ಹೊಸ ಜಾಗಕ್ಕೆ ಹಾಕುತ್ತಾರೆ.

ರಾಣಿಪೇಟೆಗೂ ಕೆಜಿಎಫ್‌ಗೂ ಇರುವ ವ್ಯತ್ಯಾಸ ಇದು. ರಾಣಿಪೇಟೆಯ ಗುಡ್ಡೆಯಲ್ಲಿ ವಿಷ ಮಾತ್ರ ಇದೆ. ನಮ್ಮ ದಿಬ್ಬದಲ್ಲಿ ವಿಷದ ಜೊತೆಗೆ ಅದನ್ನು ತೊಳೆಯುವ ದುಡ್ಡೂ ಇದೆ. ಲೋಕದಲ್ಲಿ ಎಲ್ಲೋ ಅಪರೂಪಕ್ಕೆ ಇಂಥ ಅದೃಷ್ಟ ಇರುತ್ತದೆ. ಆದರೆ ಆ ದುಡ್ಡನ್ನು ಒಂದೇ ಸಲ ತೆಗೆಯಲು ಸಾಧ್ಯ. ಚಿನ್ನವನ್ನು ತೆಗೆದುಕೊಂಡು, ತೊಳೆಯುವುದನ್ನು ಮುಂದೆ ನೋಡೋಣ ಅಂದರೆ, ಕೆಜಿಎಫ್ ಇನ್ನೊಂದು ರಾಣಿಪೇಟೆ ಆಗುತ್ತದೆ, ಅದರ ಇನ್ನೂರು ಪಟ್ಟು ದೊಡ್ಡದು.

ನಾವಿರುವ ನೆಲ ಕಲಿಸುವ ಪಾಠ

ಈ ಅಂಕಿಗಳನ್ನು ನೋಡುವಾಗ ನನಗೆ ಕುವೈತ್ ನೆನಪಾಗದೆ ಇರಲಿಲ್ಲ. 1991ರಲ್ಲಿ ಇರಾಕಿ ಸೇನೆ ಹಿಮ್ಮೆಟ್ಟುವಾಗ ಆರುನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಇಟ್ಟಿತು. ಕೊನೆಯ ಬಾವಿಗೆ ಮುಚ್ಚಳ ಬಿದ್ದದ್ದು ಆ ವರ್ಷದ ನವೆಂಬರ್ 6ರಂದು. ಬೆಂಕಿ ಆರಿತು, ಮರುಭೂಮಿಯಲ್ಲಿ ತೈಲದ ಕೆರೆಗಳು ಉಳಿದವು. ಕೆಟ್ಟ ಮಣ್ಣು ಸುಮಾರು 2.6 ಕೋಟಿ ಘನ ಮೀಟರ್. ಈ ದೇಶಕ್ಕೆ ನದಿಯಿಲ್ಲ. ನೆಲದಡಿಯ ಸಿಹಿನೀರು ಅಂತ ಇದ್ದದ್ದು ಉತ್ತರದ ರೌದತೈನ್ ಮತ್ತು ಉಮ್ಮ್ ಅಲ್ ಐಶ್‌ನಲ್ಲಿ. ಅದರ ಒಂದಿಷ್ಟು ಭಾಗವೂ ತೈಲದಿಂದ, ಬೆಂಕಿ ಆರಿಸಲು ಸುರಿದ ಸಮುದ್ರದ ನೀರಿನಿಂದ ಕೆಟ್ಟಿತು.

ನಮ್ಮ 3.3 ಕೋಟಿ ಟನ್ ಪುಡಿಯನ್ನು ಘನ ಮೀಟರಿಗೆ ಒಂದೂವರೆ ಟನ್ನಿನಂತೆ ಹಿಡಿದರೆ 2.2 ಕೋಟಿ ಘನ ಮೀಟರ್ ಆಗುತ್ತದೆ. ಇಡೀ ಕುವೈತಿನ ಕೆಟ್ಟ ಮರುಭೂಮಿಗೆ ಸ್ವಲ್ಪವೇ ಕಡಿಮೆ, ನಮ್ಮ ಒಂದು ಪುಟ್ಟ ಊರಿನಲ್ಲಿ! ತೈಲದ ಮಣ್ಣೂ ಗಣಿಯ ಪುಡಿಯೂ ಒಂದೇ ಅಲ್ಲ, ತೊಳೆಯುವ ಖರ್ಚೂ ಒಂದೇ ಅಲ್ಲ. ಗಾತ್ರ ತಿಳಿಯಲಿ ಅಂತ ಹೇಳಿದೆ.

ಕುವೈತಿಗೆ ಒಂದು ಅನುಕೂಲ ಇತ್ತು. ಹೊಣೆಗಾರ ಯಾರು ಅಂತ ಲೋಕಕ್ಕೇ ಗೊತ್ತಿತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1991ರಲ್ಲೇ 687ನೇ ನಿರ್ಣಯದಲ್ಲಿ ಪರಿಸರದ ಹಾನಿಯೂ ಸೇರಿ ಇರಾಕನ್ನು ಹೊಣೆ ಮಾಡಿತು. ಪರಿಹಾರ ಆಯೋಗ ರಚನೆಯಾಗಿ, ಇರಾಕಿನ ತೈಲ ಆದಾಯದಲ್ಲಿ ಒಂದು ಪಾಲು ನೇರವಾಗಿ ಅಲ್ಲಿಗೆ ಬಂತು. 2022ರ ಜನವರಿಯಲ್ಲಿ ಕೊನೆಯ ಕಂತು ಮುಗಿದಾಗ ಕೊಟ್ಟ ಒಟ್ಟು ಪರಿಹಾರ 5,240 ಕೋಟಿ ಡಾಲರ್. ಅದರಲ್ಲಿ ಕುವೈತಿನ ಪರಿಸರ ಸರಿಮಾಡಲು ಸಿಕ್ಕಿದ್ದು ಸುಮಾರು 300 ಕೋಟಿ ಡಾಲರ್.

ನನಗೆ ಇಷ್ಟವಾದದ್ದು ಮೊತ್ತವಲ್ಲ, ಅದಕ್ಕೆ ಹಾಕಿದ ಬೀಗ. ಪರಿಸರಕ್ಕೆ ಅಂತ ಕೊಟ್ಟ ದುಡ್ಡು ಬೇರೆ ಕೆಲಸಕ್ಕೆ ಹರಿಯದಂತೆ ನೋಡಿಕೊಳ್ಳಲು ಆಯೋಗ 2005ರಲ್ಲಿ ಪ್ರತ್ಯೇಕ ಉಸ್ತುವಾರಿ ವ್ಯವಸ್ಥೆ ಮಾಡಿತು. ಕೆಲಸ ನಿಧಾನವಾಯಿತು ನಿಜ. ದೊಡ್ಡ ಪ್ರಮಾಣದ ಮಣ್ಣು ತೊಳೆಯುವ ಗುತ್ತಿಗೆಗಳು ಬಂದದ್ದು ಮೂವತ್ತು ವರ್ಷದ ಮೇಲೆ. ಆದರೆ ಆ ಮೂವತ್ತು ವರ್ಷದ ಮೇಲೂ ದುಡ್ಡು ಇತ್ತು! ಬೀಗ ಇಲ್ಲದೆ ಹೋಗಿದ್ದರೆ ಇರುತ್ತಿತ್ತೇ?

ಬಾಯಾ ಮಾರೆಯಲ್ಲಿ ಆದದ್ದು

ಹಳೆ ದಿಬ್ಬದಿಂದ ಚಿನ್ನ ತೆಗೆಯುವ ಕೆಲಸ ಹೊಸದಲ್ಲ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ದಶಕಗಳಿಂದ ನಡೆದಿದೆ. ನಗರದೊಳಗಿನ ಹಳೆ ದಿಬ್ಬಗಳನ್ನು ನೀರಿನ ರಭಸದಿಂದ ಕರಗಿಸಿ, ಪೈಪಿನಲ್ಲಿ ಸಾಗಿಸಿ, ಚಿನ್ನ ತೆಗೆದು, ಉಳಿದದ್ದನ್ನು ಊರಾಚೆ ಒಂದೇ ದೊಡ್ಡ ರಾಶಿಗೆ ಹಾಕುತ್ತಾರೆ. ನಗರದ ನಡುವೆ ಎಷ್ಟೋ ಜಾಗ ಬಿಡುಗಡೆಯಾಗಿದೆ. ಆದ್ದರಿಂದ ಈ ಕೆಲಸ ಬೇಡ ಅಂತ ನಾನು ಹೇಳುವುದಿಲ್ಲ.

ಆದರೆ ರೊಮೇನಿಯಾದ ಬಾಯಾ ಮಾರೆ ಎಂಬ ಊರಿನ ಕಥೆ ಕೇಳಿ. ಅಲ್ಲೂ ಹಳೆ ಗಣಿ ದಿಬ್ಬ, ಮನೆಗಳ ಮೇಲೆ ಧೂಳು. ಅಲ್ಲೂ ಒಂದು ಕಂಪನಿ ಬಂದು, ಹಳೆ ದಿಬ್ಬದಿಂದ ಚಿನ್ನ ತೆಗೆಯುತ್ತೇವೆ, ಊರೂ ಚೊಕ್ಕಟವಾಗುತ್ತದೆ ಅಂದಿತು. ಉಳಿದ ಗಸಿಗೆ ಹೊಸ ಕಟ್ಟೆ ಕಟ್ಟಿದರು. 2000ದ ಜನವರಿ 30ರಂದು, ಹಿಮ ಕರಗಿ ಮಳೆಯೂ ಬಂದು, ಆ ಹೊಸ ಕಟ್ಟೆ ಒಡೆಯಿತು. ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ಸೋಮೆಶ್ ನದಿಗೆ, ಅಲ್ಲಿಂದ ಹಂಗೇರಿಯ ತಿಸಾ ನದಿಗೆ, ಕೊನೆಗೆ ಡ್ಯಾನ್ಯೂಬಿಗೆ ಸೇರಿತು. ನೂರಾರು ಕಿಲೋಮೀಟರ್ ದೂರದ ತನಕ ಮೀನುಗಳು ಸತ್ತು ತೇಲಿದವು. ಚಿನ್ನದ ಲಾಭ ಒಂದು ದೇಶಕ್ಕೆ, ಸತ್ತ ಮೀನು ಇನ್ನೊಂದಕ್ಕೆ.

ನಮ್ಮ ದಿಬ್ಬಗಳ ಕೆಳಗೆ ಇರುವುದೂ ಮೂರು ರಾಜ್ಯದ ನದಿ.

ಹಾಗಾದರೆ ಏನು ಬರೆದಿರಬೇಕು?

ನನ್ನ ಉದ್ಯೋಗದಲ್ಲಿ ಒಂದು ಪಾಠ ಬೇಗ ಕಲಿಯುತ್ತೇವೆ. 'ಮುಗಿಯಿತು' ಅಂದರೆ ಏನು ಅಂತ ಮೊದಲೇ ಬರೆದುಕೊಳ್ಳದ ಪ್ರಾಜೆಕ್ಟು ಎಂದೂ ಮುಗಿಯುವುದಿಲ್ಲ. ಬಿಲ್ ಮಾತ್ರ ಮುಗಿದು ಹೋಗುತ್ತದೆ. ದಿಬ್ಬಗಳ ಗುತ್ತಿಗೆಗೂ ಇದೇ ಮಾತು. ಟೆಂಡರಿನಲ್ಲಿ ಕನಿಷ್ಠ ಐದು ಸಂಗತಿ ಇರಬೇಕು ಅಂತ ನನ್ನ ಅಭಿಪ್ರಾಯ.

ಒಂದು, ಮೊದಲು ಅಳತೆ. ಒಂದು ಬುಟ್ಟಿ ಪುಡಿ ಎತ್ತುವ ಮುಂಚೆ ಸುತ್ತಲಿನ ಬಾವಿ, ಕೊಳವೆಬಾವಿ, ಕೆರೆ, ಹೊಲದ ಮಣ್ಣು, ಗಾಳಿಯ ಧೂಳು, ಎಲ್ಲವನ್ನೂ ಪರೀಕ್ಷಿಸಿ ಕನ್ನಡದಲ್ಲೂ ತಮಿಳಿನಲ್ಲೂ ಊರ ಮುಂದೆ ಹಾಕಬೇಕು. ಇಲ್ಲದಿದ್ದರೆ ನಾಳೆ 'ಇದು ಮೊದಲೇ ಇತ್ತು' ಅಂತ ಕಂಪನಿಯೂ, 'ನೀವೇ ಕೆಡಿಸಿದ್ದು' ಅಂತ ಜನರೂ ಹೇಳುತ್ತಾ ಕೂರುತ್ತಾರೆ.

ಎರಡು, ದುಡ್ಡಿಗೆ ಬೀಗ. ತೆಗೆದ ಪ್ರತಿ ಕೆ.ಜಿ. ಚಿನ್ನದ ಬೆಲೆಯಲ್ಲಿ ಒಂದು ನಿಗದಿತ ಪಾಲು, ಕೇಂದ್ರದ ಖಜಾನೆಗೂ ರಾಜ್ಯದ ಖಜಾನೆಗೂ ಹೋಗುವ ಮುಂಚೆ, ತೊಳೆಯುವ ಖಾತೆಗೆ ಹೋಗಬೇಕು. ಕಂಪನಿ ದಿವಾಳಿಯಾದರೂ, ಸರ್ಕಾರ ಬದಲಾದರೂ ಆ ಖಾತೆಗೆ ಯಾರೂ ಕೈ ಹಾಕುವಂತಿರಬಾರದು. ಚಿನ್ನದ ಬೆಲೆ ಬಿದ್ದರೆ ಕಂಪನಿ ಅರ್ಧದಲ್ಲಿ ಎದ್ದು ಹೋಗುವುದು ಗಣಿ ಲೋಕದಲ್ಲಿ ಹೊಸದೇನಲ್ಲ.

ಮೂರು, ಉಳಿಕೆ ಎಲ್ಲಿಗೆ? 3.3 ಕೋಟಿ ಟನ್ನಿನ ಕೊನೆಯ ಜಾಗ ಯಾವುದು ಅಂತ ನಕ್ಷೆಯಲ್ಲಿ ಮೊದಲೇ ಗುರುತು ಹಾಕಬೇಕು. ಕೆಳಗೆ ನೀರು ಇಂಗದ ಹಾಸು, ಮೇಲೆ ಮಣ್ಣಿನ ಹೊದಿಕೆ, ಅದರ ಮೇಲೆ ಗಿಡ. ಸಿಮೆಂಟ್ ಬೆರೆಸಿ ಗಣಿಯ ಖಾಲಿ ಸುರಂಗಗಳಿಗೆ ವಾಪಸ್ ತುಂಬುವ ವಿಧಾನವನ್ನು ಬೇರೆ ದೇಶಗಳಲ್ಲಿ ಬಳಸುತ್ತಾರೆ. ನೀರು ತುಂಬಿದ ನಮ್ಮ ಗಣಿಯಲ್ಲಿ ಅದು ಆಗುತ್ತದೆಯೇ ಅಂತ ತಜ್ಞರು ಹೇಳಲಿ. ಕೇಳುವುದಂತೂ ಕೇಳಬೇಕು.

ನಾಲ್ಕು, ಕೆಳದಂಡೆಯವರಿಗೂ ಕುರ್ಚಿ. ಉಸ್ತುವಾರಿ ಸಮಿತಿಯಲ್ಲಿ ಆಂಧ್ರದವರೂ ತಮಿಳುನಾಡಿನವರೂ ಇರಲಿ. ಕಾವೇರಿ ವಿಚಾರದಲ್ಲಿ ಮೇಲ್ದಂಡೆಯ ಹಕ್ಕು ಅಂತ ಗಟ್ಟಿಯಾಗಿ ಮಾತಾಡುವ ನಾವು, ಪಾಲಾರಿನಲ್ಲಿ ಮೇಲ್ದಂಡೆಯ ಕರ್ತವ್ಯದ ಬಗ್ಗೆಯೂ ಮಾತಾಡಬೇಕಲ್ಲವೇ?

ಐದು, ಊರಿನ ಜನ. 2011ರ ಜನಗಣತಿಯಲ್ಲಿ ಕೆಜಿಎಫ್ ಜನಸಂಖ್ಯೆ 1.6 ಲಕ್ಷ. ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವುದೇ ಸಾವಿರಾರು ಜನರ ಬದುಕಾಯಿತು. ದಿಬ್ಬ ತೊಳೆಯುವ ಕೆಲಸದಲ್ಲಿ ಮೊದಲ ಹಕ್ಕು ಅವರದ್ದು. ಮಾಸ್ಕು, ಆರೋಗ್ಯ ತಪಾಸಣೆ, ಸಿಲಿಕೋಸಿಸ್ ಪರೀಕ್ಷೆ ಸಮೇತ. ಅಜ್ಜಂದಿರಿಗೆ ಆದದ್ದೇ ಮೊಮ್ಮಕ್ಕಳಿಗೂ ಆಗಬಾರದು.

'ಇಷ್ಟೆಲ್ಲ ಷರತ್ತು ಹಾಕಿದರೆ ಯಾರೂ ಟೆಂಡರಿಗೆ ಬರುವುದಿಲ್ಲ, ಇರುವ ಕೆಲಸವೂ ಹೋಗುತ್ತದೆ' ಅಂತ ಊರಿನ ಸ್ನೇಹಿತರು ನನಗೆ ಹೇಳುತ್ತಾರೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾದವರ ಮಾತು ಅದು, ಅದನ್ನು ತಳ್ಳಿಹಾಕುವ ಅಧಿಕಾರ ಕುವೈತಿನಲ್ಲಿ ಎ.ಸಿ. ಕೆಳಗೆ ಕೂತ ನನಗಿಲ್ಲ. ಆದರೂ ನನ್ನ ಉತ್ತರ ಇದು. ಷರತ್ತು ಮೊದಲೇ ಗೊತ್ತಿದ್ದರೆ ಕಂಪನಿಗಳು ಅದಕ್ಕೆ ತಕ್ಕ ಬೆಲೆ ಹಾಕುತ್ತವೆ. ಸರ್ಕಾರಕ್ಕೆ ಸಿಗುವ ಪಾಲು ಸ್ವಲ್ಪ ಕಡಿಮೆಯಾಗಬಹುದು, ಆಗಲಿ. ನೂರಿಪ್ಪತ್ತು ವರ್ಷ ಪಾಲು ತೆಗೆದುಕೊಂಡಾಗಿದೆಯಲ್ಲ! ತೊಳೆಯುವ ಕೆಲಸವೂ ಕೆಲಸವೇ. ಚಿನ್ನ ತೆಗೆಯುವುದು ಕೆಲವು ವರ್ಷದಲ್ಲಿ ಮುಗಿಯುತ್ತದೆ. ಹೊದಿಕೆ ಹಾಕುವುದು, ಗಿಡ ಬೆಳೆಸುವುದು, ನೀರು ಪರೀಕ್ಷೆ ಮಾಡುವುದು ಅದಕ್ಕಿಂತ ಹೆಚ್ಚು ಕಾಲ ಇರುತ್ತದೆ, ಹೆಚ್ಚು ಕೈಗಳಿಗೆ ಕೂಲಿ ಕೊಡುತ್ತದೆ.

ನಾವು ಇಲ್ಲಿ ಕೂತು ಏನು ಮಾಡಬಹುದು?

ಶುಕ್ರವಾರ ರಾಯ್‌ನ ಸಂತೆಯಲ್ಲೋ ಅವೆನ್ಯೂಸ್ ಮಾಲಿನಲ್ಲೋ ಸಿಕ್ಕಾಗ ಊರಿನ ರಾಜಕೀಯ ಮಾತಾಡಿ ಕಾಫಿ ಕುಡಿದು ಮನೆಗೆ ಹೋಗುವುದು ನಮಗೆಲ್ಲ ರೂಢಿ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು.

ಕುವೈತಿನಲ್ಲಿ ಮಣ್ಣು ತೊಳೆಯುವ ಕೆಲಸವನ್ನು ಹತ್ತಿರದಿಂದ ಬಲ್ಲ ಕನ್ನಡಿಗರು, ಸಿವಿಲ್ ಇಂಜಿನಿಯರುಗಳು, ಲ್ಯಾಬಿನವರು, ಗುತ್ತಿಗೆ ಪತ್ರ ಬರೆಯುವವರು, ನಮ್ಮ ನಡುವೆ ಇದ್ದರೆ ದಯವಿಟ್ಟು ಮುಂದೆ ಬನ್ನಿ. ಕೂಟದ ಒಂದು ಸಂಜೆಯನ್ನು ಇದಕ್ಕೆ ಕೊಡೋಣ. ಇಲ್ಲಿ ಗುತ್ತಿಗೆ ಹೇಗೆ ಬರೆದರು, ದುಡ್ಡನ್ನು ಹೇಗೆ ಕಾಪಾಡಿದರು, ಎಲ್ಲಿ ತಡವಾಯಿತು, ಇದನ್ನೆಲ್ಲ ಸರಳ ಕನ್ನಡದಲ್ಲಿ ನಾಲ್ಕು ಪುಟ ಬರೆದು ನಮ್ಮ ರಾಜ್ಯದ ಗಣಿ ಇಲಾಖೆಗೆ, ಕೋಲಾರದ ಸಂಸದರಿಗೆ, ಕೆಜಿಎಫ್ ಶಾಸಕರಿಗೆ ಕಳಿಸೋಣ. ಅನಿವಾಸಿಗಳು ಊರಿಗೆ ದುಡ್ಡು ಕಳಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಒಮ್ಮೆ ಅನುಭವವನ್ನೂ ಕಳಿಸೋಣ.

'ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆ ನಮ್ಮಲ್ಲಿ ಇದೆ. ಕೋಲಾರದ ಕೋಟೆ ಒಂದು ಸಲ ಕೊಳ್ಳೆ ಹೋಗಿದೆ, 800 ಟನ್. ಉಳಿದಿರುವುದು 23 ಟನ್. ಈ ಸಲವಾದರೂ ಬಾಗಿಲು ಮೊದಲು ಹಾಕೋಣ.

ನೀವೇನಂತೀರಿ? ಒಪ್ಪದವರೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಮಾತು ಮುಂದುವರಿಸೋಣ.

– ಕೋಲಾರ ಜಿಲ್ಲೆಯ ಒಬ್ಬ ಇಂಜಿನಿಯರ್, ರಾಯ್, ಕುವೈತ್